ಒರಿಜಿನಲ್ ಹಾಕಲೋ, ಲೋಕಲ್ ಹಾಕಲೋ?

ಕಾರಿನ ಮಾತು ಬಂದರೆ "ಅದೆಲ್ಲ ಗಂಡಸರ ವಿಷಯ" ಎಂದು ಎದ್ದು ಹೋಗುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವ ನಾವು, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಯಾವ ಬ್ರೇಕ್ ಪ್ಯಾಡ್ ಹಾಕಿಸಿದರೆಂದು ಕೇಳುವುದಿಲ್ಲ.

ನಮ್ಮ ಹಳೆಯ ಆಲ್ಟೊ ಕಾರು ಇತ್ತೀಚೆಗೆ ಬ್ರೇಕ್ ಒತ್ತಿದಾಗಲೆಲ್ಲ ಕಿರುಚತೊಡಗಿತು. ಚಾಮರಾಜಪೇಟೆಯ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದರು. ಉಕ್ಕಿನ ತಟ್ಟೆಗೆ ಅಂಟಿಸಿದ ಗಟ್ಟಿ ಪದಾರ್ಥವೇ ಪ್ಯಾಡ್. ಎರಡು ಪ್ಯಾಡ್‌ಗಳು ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿದಾಗ ಗಾಡಿ ನಿಲ್ಲುತ್ತದೆ. ಹೊಸತರಲ್ಲಿ ಸುಮಾರು 10 ಮಿ.ಮೀ. ದಪ್ಪವಿರುವ ಈ ಪದಾರ್ಥ 3 ಮಿ.ಮೀ.ಗೆ ಇಳಿದರೆ ಬದಲಾಯಿಸಬೇಕು. ಅನೇಕ ಪ್ಯಾಡ್‌ಗಳಲ್ಲಿ ಒಂದು ಪುಟ್ಟ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚುಗುಡುತ್ತದೆ. ಆ ಸದ್ದೇ ಎಚ್ಚರಿಕೆ.

"ಆಪಾ, ಒರಿಜಿನಲ್ ಹಾಕಲೋ, ಲೋಕಲ್ ಹಾಕಲೋ?" ಎಂದು ಅವರು ಕೇಳಿದರು. ಬೆಲೆಯಲ್ಲಿ ನೂರಾರು ರೂಪಾಯಿಗಳ ವ್ಯತ್ಯಾಸ. ಶಾಲೆಯ ಫೀಸು ಕಟ್ಟುವ ತಿಂಗಳು ಬೇರೆ!

ಸಹೋದರಿಯರೇ, ಆ ಪ್ರಶ್ನೆಯೇ ಅರ್ಧ ಸರಿ. ಕಾರು ಕಂಪೆನಿಗಳು ಸಾಮಾನ್ಯವಾಗಿ ಪ್ಯಾಡ್‌ಗಳನ್ನು ತಾವೇ ತಯಾರಿಸುವುದಿಲ್ಲ, ಬೇರೆಯವರಿಂದ ಕೊಳ್ಳುತ್ತವೆ. 1962ರಲ್ಲಿ ಚೆನ್ನೈಯಲ್ಲಿ ಆರಂಭವಾದ ಬ್ರೇಕ್ಸ್ ಇಂಡಿಯಾದಂಥ ಸಂಸ್ಥೆಗಳು ಕಾರು ಕಂಪೆನಿಗಳಿಗೂ ಮಾಲು ಕೊಡುತ್ತವೆ, ತಮ್ಮದೇ ಡಬ್ಬಿಯಲ್ಲಿ ಅಂಗಡಿಗೂ ಕಳಿಸುತ್ತವೆ. ಹಾಗಾಗಿ ಕಾರು ಕಂಪೆನಿಯ ಮುದ್ರೆ ಇಲ್ಲದ್ದೆಲ್ಲ ಕಳಪೆಯಲ್ಲ. ಹೆದರಬೇಕಾದದ್ದು ಹೆಸರು, ವಿಳಾಸ ಯಾವುದೂ ಇಲ್ಲದ ಮಾಲಿಗೆ, ಅದಕ್ಕಿಂತ ಹೆಚ್ಚಾಗಿ ಒರಿಜಿನಲ್ ಡಬ್ಬಿಯೊಳಗೆ ಕುಳಿತ ನಕಲಿಗೆ. ಕಳಪೆ ಪ್ಯಾಡ್ ಬಿಸಿಯಾದಾಗ ಹಿಡಿತ ಬಿಡುತ್ತದೆ. ಮಳೆಯ ಸಂಜೆ, ಶಾಲೆ ಬಿಡುವ ಹೊತ್ತು, ಗವಿಪುರದ ಇಳಿಜಾರು ಎಂದು ಊಹಿಸಿಕೊಳ್ಳಿ.

ನಾನೂ ಯಜಮಾನರ ಜೊತೆ ಜೆ.ಸಿ. ರಸ್ತೆಗೆ ಹೋದೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗಿನ ಆ ರಸ್ತೆ ಬಿಡಿಭಾಗಗಳಿಗೇ ಹೆಸರುವಾಸಿ. ಒಂದು ಅಂಗಡಿಯಾತ "ಬಿಲ್ ಬೇಡವಾದರೆ ಇನ್ನೂ ಕಡಿಮೆ ಮಾಡ್ತೀನಿ" ಎಂದ. ಬಿಲ್ ಕೊಡಲು ಹಿಂಜರಿಯುವವನು ನಾಳೆ ಮಾಲು ತನ್ನದಲ್ಲ ಎನ್ನಲೂಬಹುದು. ನಾವು ಅಲ್ಲಿಂದ ಹೊರಟೆವು. ಮುಂದಿನ ಅಂಗಡಿಯಲ್ಲಿ ಡಬ್ಬಿ ತೆರೆಸಿ, ತಟ್ಟೆಯ ಹಿಂಭಾಗದಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇದೆಯೇ, ಪಾರ್ಟ್ ನಂಬರ್ ನಮ್ಮ ಕಾರಿನದೇ ಎಂದು ನೋಡಿದೆವು. ಕೊನೆಗೆ ಹೆಸರಾಂತ ತಯಾರಕರದೇ ಡಬ್ಬಿಯ ಪ್ಯಾಡ್ ಕೊಂಡೆವು. ಕಾರು ಕಂಪೆನಿಯ ಮುದ್ರೆಗಾಗಿ ಹೆಚ್ಚು ಹಣ ಕೊಡಲಿಲ್ಲ, ಬಿಲ್ ಮಾತ್ರ ಬಿಡಲಿಲ್ಲ.

ಒಂದು ಚಕ್ರಕ್ಕೆ ಮಾತ್ರ ಹಾಕಿಸಬೇಡಿ. ಮುಂದಿನ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಒಳಗಿನ ಧೂಳನ್ನು ಗಾಳಿ ಊದಿ ಹಾರಿಸಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200-300 ಕಿ.ಮೀ. ಬೇಕು. ಅಲ್ಲಿಯವರೆಗೆ ಜೋರಾಗಿ ಓಡಿಸಬೇಡಿರೆಂದು ಮನೆಯವರಿಗೆ ಹೇಳಿ. ನಾನಂತೂ ದಿನಕ್ಕೆರಡು ಸಲ ಹೇಳುತ್ತಿದ್ದೇನೆ.