ಕೂಲಂಟ್ ಹೋದದ್ದು ಎಲ್ಲಿಗೆ? | ನಮ್ಮೂರ ಗ್ಯಾರೇಜ್ ಪಾಠ, ಭಾಗ 6

ದೋಸ್ತರೇ, ಇವತ್ತು ಒಂದೇ ಮಾತು ನೆನಪಿಟ್ಕೊಳ್ಳಿ. ಕೂಲಂಟ್ ಡೀಸೆಲ್ ಥರ ಉರಿದು ಖರ್ಚಾಗೋದಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತುತ್ತಾ ಇರೋದು. ಬಾಟಲಿಯಲ್ಲಿ ಮಟ್ಟ ಮತ್ತೆ ಮತ್ತೆ ಇಳೀತಿದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ಮತ್ತೆ ಸುರಿಯೋ ಮೊದಲು ಹೋದದ್ದು ಎಲ್ಲಿಗೆ ಅಂತ ಕೇಳಿ.

ನಮ್ಮ ಕಾಕಾನ ಗಾಡಿ ವಿಷಯ ಹೇಳ್ತೀನಿ. ಹಳೇ ಡೀಸೆಲ್ ಕಾರು. ಏಕಸಂಬಿಯಿಂದ ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿ ಅಂತ ಬಾಡಿಗೆ ಓಡಿಸ್ತಾರೆ. ಮನೆ ನಡೆಯೋದೇ ಅದರ ಮೇಲೆ. ಹೋದ ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೂಲಂಟ್ ಕಡಿಮೆ ಆಗ್ತಿತ್ತು. ಗಾಡಿ ಕೆಳಗೆ ಮಾತ್ರ ಒಂದು ಹನಿ ಇಲ್ಲ. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಐದು ನಿಮಿಷ ನೋಡಿ, “ಹೆಡ್ ಗ್ಯಾಸ್ಕೆಟ್ ಹೋಗೇತ್ರಿ, ಹೆಡ್ ಇಳಿಸಬೇಕು, 30 ಸಾವಿರ ಹಿಡೀರಿ” ಅಂದ್ರು. ಅವತ್ತು ರಾತ್ರಿ ಕಾಕಾ ಗಾಡಿ ಮಾರೋ ಮಾತು ತೆಗೆದ್ರು.

ಆದರೆ ಅವರೇ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳೀತು: “ಹೀಟರ್ ಹಚ್ಚಿದ್ರ ಓಡುಮುಂದ ಬೆಚ್ಚಗ ಬರ್ತೈತಿ, ನಿಂತ್ರ ತಣ್ಣಗ ಆಗ್ತೈತಿ.”

ಕ್ಲಾಸಿನಲ್ಲಿ ಓದಿದ್ದು ನೆನಪಿದೆಯಾ? ಹೀಟರಿಗೆ ಬೇರೆ ಬೆಂಕಿ ಇಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಸಣ್ಣ ರೇಡಿಯೇಟರ್ ಇರುತ್ತೆ, ಅದೇ ಹೀಟರ್ ಕೋರ್. ಇಂಜಿನಿನ ಬಿಸಿ ಕೂಲಂಟ್ ಅದರೊಳಗೆ ಹರಿಯುತ್ತೆ, ಫ್ಯಾನ್ ಆ ಬಿಸಿಯನ್ನ ಒಳಗೆ ಊದುತ್ತೆ. ಕೂಲಂಟ್ ಕಡಿಮೆಯಾಗಿ ಗಾಳಿ ಸೇರಿದ್ರೆ, ಇಂಜಿನ್ ನಿಧಾನ ತಿರುಗುವಾಗ ಪಂಪಿಗೆ ಅಲ್ಲಿತನಕ ತಳ್ಳೋಕೆ ಆಗಲ್ಲ. ಅದಕ್ಕೇ ಮುಳ್ಳು ಕೆಂಪಿಗೆ ಹೋಗೋ ಮೊದಲೇ ಹೀಟರ್ ಸುಳಿವು ಕೊಡುತ್ತೆ.

ಇದನ್ನ ಸೇವ್ ಮಾಡ್ಕೊಳ್ಳಿ 👇

🔹 ಹೀಟರ್ ತಣ್ಣಗೆ, ಮುಳ್ಳು ಮೇಲೆ: ಕೂಲಂಟ್ ಕಡಿಮೆ, ಗಾಳಿ ಸಿಕ್ಕಿದೆ ಅಥವಾ ವಾಟರ್ ಪಂಪ್ ಕೆಲಸ ಮಾಡ್ತಿಲ್ಲ. ಗಾಡಿ ನಿಲ್ಲಿಸಿ.
🔹 ಹೀಟರ್ ತಣ್ಣಗೆ, ಎಷ್ಟು ಓಡಿಸಿದ್ರೂ ಮುಳ್ಳು ಕೆಳಗೇ: ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು.
🔹 ಮುಳ್ಳು ಸರಿ, ಹೀಟರಿಗೆ ಹೋಗೋ ಪೈಪ್ ಬಿಸಿ, ಬರೋ ಪೈಪ್ ತಣ್ಣಗೆ: ಕೋರ್ ಕಟ್ಟಿಕೊಂಡಿದೆ.
🔹 ಎರಡೂ ಪೈಪ್ ಬಿಸಿ, ಗಾಳಿ ತಣ್ಣಗೆ: ಡ್ಯಾಶ್‌ಬೋರ್ಡ್ ಒಳಗಿನ ಗಾಳಿ ತಿರುಗಿಸೋ ಬಾಗಿಲು ನೋಡಿ.

ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಸಾಮಾನ್ಯವಾಗಿ ಬೇರೆ ಗುರುತೂ ಇರುತ್ತೆ: ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥದ್ದು, ಬಾಟಲಿಯಲ್ಲಿ ನಿಲ್ಲದ ಗುಳ್ಳೆ. ಕಾಕಾನ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಆದರೆ ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿದ್ರೆ ಕಾರ್ಪೆಟ್ ಒದ್ದೆ. ಮುಟ್ಟಿದ್ರೆ ಜಿಗುಟು, ಸಿಹಿ ವಾಸನೆ. ಮುಂದಿನ ಗಾಜಿನ ಒಳಗಡೆ ಎಣ್ಣೆ ಸವರಿದ ಹಾಗೆ ಪೊರೆ. ಏಸಿ ನೀರಾಗಿದ್ರೆ ವಾಸನೆಯೂ ಇರಲ್ಲ, ಜಿಗುಟೂ ಇರಲ್ಲ.

ಇನ್ನೊಬ್ಬ ಮಿಸ್ತ್ರಿ ಹತ್ರ ಹೋದ್ವಿ. ತಣ್ಣಗಿದ್ದ ಇಂಜಿನಿಗೆ ಪ್ರೆಶರ್ ಟೆಸ್ಟರ್ ಹಾಕಿ ಸುಮಾರು 1 ಬಾರ್ ಗಾಳಿ ತುಂಬಿದ್ರು. ಮುಳ್ಳು ನಿಧಾನ ಇಳೀತು, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಹನಿ ಕಾಣಿಸ್ತು. ಹೋಗಿದ್ದು ಹೀಟರ್ ಕೋರ್, ಹೆಡ್ ಅಲ್ಲ.

ಕಾಕಾ ಅಂದ್ರು, “ನಮ್ಮ ಊರಾಗ ಹೀಟರ್ ಯಾಕ ಬೇಕೋ? ಎರಡೂ ಪೈಪ್ ಜೋಡಿಸಿ ಬಿಟ್ಟುಬಿಡ್ರಿ.” ಹಂಗ ಮಾಡಿದ್ರೆ ಸೋರೋದು ನಿಲ್ಲುತ್ತೆ, ನಿಜ. ಆದರೆ ಡಿಸೆಂಬರ್ ಬೆಳಗಿನ ಜಾವ ದೂಧಗಂಗಾ ದಂಡಿಯ ರಸ್ತೆ ಹೆಂಗಿರುತ್ತೆ ಅಂತ ನಿಮಗೇ ಗೊತ್ತು. ಹೊರಗೆ ಮಂಜು, ಗಾಜಿನ ಒಳಗೆ ಉಸಿರಿನ ಆವಿ, ಎದುರಿಗೆ ಹಿಂದೀಪ ಇಲ್ಲದ ಕಬ್ಬಿನ ಟ್ರೇಲರ್. ಆ ಗಾಜು ಬೇಗ ಒಣಗಿಸೋದು ಬಿಸಿ ಗಾಳಿ. ನಮ್ಮ ಕಡೆ ಹೀಟರ್ ಇರೋದು ಮೈ ಬೆಚ್ಚಗಾಗೋಕಲ್ಲ, ದಾರಿ ಕಾಣೋಕೆ. ಕೋರ್ ಬದಲಿಸಿದ್ವಿ. ಖರ್ಚಿನಲ್ಲಿ ಹೆಚ್ಚಿನ ಪಾಲು ಡ್ಯಾಶ್‌ಬೋರ್ಡ್ ಬಿಚ್ಚೋ ಕೂಲಿಗೇ ಹೋಯ್ತು. ಆದ್ರೂ 30 ಸಾವಿರದ ಹತ್ತಿರ ಕೂಡ ಬರಲಿಲ್ಲ. ಗಾಡಿ ಇವತ್ತಿಗೂ ಬಾಡಿಗೆ ಓಡ್ತಿದೆ.

ಇನ್ನು ನಾಲ್ಕು ಮಾತು, ಮನೆಯವರಿಗೂ ಓದಿ ಹೇಳಿ.

⚠️ ತವಂದಿ ಘಾಟ್ ಹತ್ತುವಾಗ ಮುಳ್ಳು ಏರಿದ್ರೆ ಏಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಚ್ಚಿ, ಪಕ್ಕಕ್ಕೆ ನಿಲ್ಲಿಸಿ. ಹೀಟರ್ ಸ್ವಲ್ಪ ಬಿಸಿ ಎಳ್ಕೊಳ್ಳುತ್ತೆ, ಒಳಗೆ ಕೂಲಂಟ್ ಇದ್ರೆ ಮಾತ್ರ.
⚠️ ಬಿಸಿ ಇಂಜಿನಿನ ಕ್ಯಾಪ್ ಎಂದಿಗೂ ತೆಗೀಬೇಡಿ. ಒತ್ತಡದಲ್ಲಿ ಅದು 100 ಡಿಗ್ರಿ ದಾಟಿದ್ರೂ ಕುದಿಯದೇ ಇರುತ್ತೆ. ಕ್ಯಾಪ್ ತೆಗೆದ ಕ್ಷಣ ಕುದ್ದು ಮುಖಕ್ಕೇ ಹಾರುತ್ತೆ.
⚠️ ಬೋರಿನ ನೀರು ದಿನಾ ಸುರೀಬೇಡಿ. ಕೊಡದ ಒಳಗೆ ಬಿಳಿ ಪದರ ಕಟ್ಟೋ ಆ ನೀರು ರೇಡಿಯೇಟರ್ ಒಳಗೂ ಕಟ್ಟುತ್ತೆ. ಕೂಲಂಟಿನ ಕೆಲಸ ತುಕ್ಕು ತಡೆಯೋದೂ ಹೌದು. ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ತಗೊಳ್ಳಿ.
⚠️ ಹಳೇ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತೆ, ನಾಯಿ, ಕರು ನೆಕ್ಕಿದ್ರೆ ಕಿಡ್ನಿ ಹೋಗುತ್ತೆ.

ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡೋ ಮೊದಲು ಬಾಟಲಿ ಮೇಲೆ ಮಾರ್ಕರ್‌ನಿಂದ ಇವತ್ತಿನ ಮಟ್ಟಕ್ಕೆ ಗೆರೆ ಎಳೀರಿ, ತಾರೀಖು ಬರೀರಿ. ಒಂದು ವಾರ ಬಿಟ್ಟು ತಣ್ಣಗಿದ್ದಾಗಲೇ ಮತ್ತೆ ನೋಡಿ. ಗೆರೆಗಿಂತ ಇಳಿದಿದ್ರೆ ಫೋಟೋ ತೆಗೆದು ಕಳಿಸ್ರಿ, ಎಲ್ಲಿ ಸೋರ್ತಿದೆ ಅಂತ ಕೂಡಿ ಹುಡುಕೋಣ. 🔧

#ನಮ್ಮೂರಗ್ಯಾರೇಜ್ #ಏಕಸಂಬಿ #ಚಿಕ್ಕೋಡಿ #ಆಟೋಮೊಬೈಲ್‌ಹುಡುಗರು