ಚೀತಾದವರು ಯಾರು?

ನಾತಾಳದ ರಜೆ ಸಮೀಪಿಸಿದೆ. ಗಡಿಯ ಆಚೆಯವರು ಕ್ರಿಸ್‌ಮಸ್ ರಜೆ ಎನ್ನುತ್ತಾರೆ; ಮರಾಠಿಯ ಮಗ್ಗುಲಲ್ಲಿ ಬೆಳೆದ ನಮ್ಮ ನಾಲಿಗೆಗೆ ಅದು ನಾತಾಳವೇ. ಕಳೆದ ವಾರ ತರಗತಿ ಮುಗಿದ ಮೇಲೆ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತು, “ಸರ್, ನೀವು ಕ್ರೀಡಾಪ್ರೇಮಿಗಳು. ಇಪ್ಪತ್ತಾರನೇ ತಾರೀಖು ನಸುಕಿನಾಗ ಐದಕ್ಕ ಎದ್ದು ಮೆಲ್ಬರ್ನ್ ಟೆಸ್ಟ್ ನೋಡ್ತೀರಿ, ಹೌದಲ್ರೀ?” ಎಂದು ಕೇಳಿದ. ಹೌದೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಆ ಮೌನದ ಕಾರಣವನ್ನು ನಮ್ಮ ವಿಭಾಗದ ವಾರ್ತಾಪತ್ರದ ಓದುಗರ ಮುಂದೆ ಹೇಳಿಕೊಳ್ಳಬೇಕೆನಿಸಿದೆ.

ಜತ್ತ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಪ್ರಾಥಮಿಕ ಶಾಲೆ ಕನ್ನಡದ್ದು, ಹೈಸ್ಕೂಲು ಮರಾಠಿಯದು. ಕ್ರಿಕೆಟ್ಟು ನನಗೆ ದಕ್ಕಿದ್ದು ಎರಡನೆಯದರ ಮೂಲಕ. ಬಾಳ ಪಂಡಿತರು ಮರಾಠಿಯಲ್ಲಿ ಪಂದ್ಯದ ವಿವರಣೆ ನೀಡಿ ಮನೆಮಾತಾಗಿದ್ದ ಕಾಲವದು. ಮರಾಠಿ ಪತ್ರಿಕೆಗಳಲ್ಲಿ ಬೌಲ್ಡ್ ಆದವನು ‘ತ್ರಿಫಳಾಚೀತ’, ಎಲ್‌ಬಿಡಬ್ಲ್ಯು ಆದವನು ‘ಪಾಯಚೀತ’, ರನೌಟಾದವನು ‘ಧಾವಚೀತ’, ಸ್ಟಂಪ್ ಆದವನು ‘ಯಷ್ಟಿಚೀತ’. ಕನ್ನಡ ಪತ್ರಿಕೆಗಳು ಇಂಗ್ಲಿಷ್ ಪದಗಳನ್ನೇ ಲಿಪಿ ಬದಲಿಸಿ ಬಳಸುತ್ತಿದ್ದವು. ಮರಾಠಿಯಾದರೋ ಔಟಾಗುವುದಕ್ಕೆ ಹೆಸರನ್ನು ಕುಸ್ತಿಯ ಕಣದಿಂದ ತಂದಿತು. ಚೀತ ಎಂದರೆ ಬೆನ್ನು ನೆಲಕ್ಕೆ ತಾಗಿ ಬಿದ್ದವನು. ನಮ್ಮ ಕನ್ನಡದ ಗರಡಿಗಳಲ್ಲಿ ಅದೇ ‘ಚಿತ್’. ಭಾಷೆ ಕಲಿಸುವ ವೃತ್ತಿಗೆ ಬಂದ ಮೇಲೆ ಈ ಪದಗಳ ಚೆಲುವನ್ನು ಎಷ್ಟೋ ಸಲ ತರಗತಿಯಲ್ಲಿ ಬಣ್ಣಿಸಿದ್ದೇನೆ. ಆದರೆ ಅದನ್ನು ನನಗಿಂತ ಮೊದಲು ಕಂಡವನು ನನ್ನ ಅಪ್ಪ.

ಅಪ್ಪ ಗರಡಿಯ ಮನುಷ್ಯ. ಹರೆಯದಲ್ಲಿ ಸಾಮು ಮಾಡಿ, ಸುತ್ತಲಿನ ಜಾತ್ರೆಗಳಲ್ಲಿ ಕುಸ್ತಿ ಹಿಡಿದು, ಒಂದು ಕಿವಿಯನ್ನು ಹೂಕೋಸಿನಂತೆ ಮುದ್ದೆಯಾಗಿಸಿಕೊಂಡವನು. ಕ್ರಿಕೆಟ್ ಅವನಿಗೆ ಬೇಡ. 1983ರ ಡಿಸೆಂಬರಿನ ಕೊನೆಯ ವಾರ, ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್. ನಾನು ಹೊಲದ ಬದುವಿನಲ್ಲಿ ರೇಡಿಯೋ ಇಟ್ಟುಕೊಂಡು ಕುಳಿತಿದ್ದೆ. ಎಳೆಯ ಜೋಳದ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದ ಅಪ್ಪ, ನಾನು ಹಣೆ ಬಡಿದುಕೊಂಡದ್ದನ್ನು ಕಂಡು ಕೇಳಿದ:

“ಯಾರ್ ಚೀತಾದ್ರೋ ತಮ್ಮಾ?”

“ಒಂದ್ ರನ್ನೂ ಆಗಿಲ್ಲಪ್ಪಾ, ಇಬ್ಬರು ಹ್ವಾದ್ರು. ಈಗ ಗಾವಸ್ಕರ್ ಬಂದಾನ.”

“ಚೀತಾದವ ಮತ್ತ ಎದ್ದು ಹಿಡೀತಾನೇನು?”

“ಇಲ್ಲ. ಔಟಾದ್ರ ಮುಗೀತು.”

“ಹಂಗಾದ್ರ ಅದೂ ನಿಕಾಲಿ ಕುಸ್ತೀನ ಬಿಡು,” ಎಂದು ಬಿಸಿ ಸೀತನಿಯನ್ನು ಶೇಂಗಾ ಚಟ್ನಿಯೊಡನೆ ನನ್ನ ಅಂಗೈಗೆ ಸುರಿದ. ಗಾವಸ್ಕರ್ ಆ ಸರದಿಯಲ್ಲಿ ಔಟಾಗದೆ 236 ರನ್ ಗಳಿಸಿದರು. ಬ್ರಾಡ್ಮನ್ನರ 29 ಶತಕಗಳ ದಾಖಲೆಯನ್ನು ದಾಟಿದ ಮೂವತ್ತನೆಯ ಶತಕವದು. ಸಂಜೆ ಮನೆಗೆ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದುದು ಒಂದೇ ಮಾತು: “ಆ ಮನಿಶ್ಯಾ ಇನ್ನೂ ಚೀತಾಗಿಲ್ಲೇನು?”

ಇಪ್ಪತ್ತು ವರ್ಷಗಳ ಬಳಿಕ, 2003. ನಾನಾಗಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಡಿಸೆಂಬರ್ 16ರಂದು ಭಾರತ ಅಡಿಲೇಡ್ ಟೆಸ್ಟನ್ನು ಗೆದ್ದಿತ್ತು. ಎರಡನೆಯ ಸರದಿಯಲ್ಲಿ ಮುಂಬೈಯ ಅಗರ್ಕರ್ 41 ರನ್ನಿಗೆ 6 ವಿಕೆಟ್ ಕಿತ್ತರೆ, ಬೆಂಗಳೂರಿನ ದ್ರಾವಿಡ್ 233 ಮತ್ತು ಔಟಾಗದೆ 72. ಆ ದ್ರಾವಿಡರ ಮನೆಮಾತೋ ಮರಾಠಿ! ನಮ್ಮಂಥ ಎರಡು ನಾಲಿಗೆಯ ಜನಕ್ಕೆ ಅದಕ್ಕಿಂತ ದೊಡ್ಡ ಹಬ್ಬವಿರಲಿಲ್ಲ. ಆದ್ದರಿಂದ ನಾತಾಳದ ರಜೆಗೆ ಮತ್ತೊಂದು ದಿನ ರಜೆ ಸೇರಿಸಿ, ಮೆಲ್ಬರ್ನ್ ಟೆಸ್ಟ್ ನೋಡಲೆಂದೇ ಊರಿಗೆ ಹೋದೆ.

26ರಂದು ಪಕ್ಕದ ಹಳ್ಳಿಯ ಜಾತ್ರೆಯಲ್ಲಿ ಕುಸ್ತಿಗಳಿದ್ದವು. ಹತ್ತರ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಬಸ್ಸಿಲ್ಲ. ಅಪ್ಪ ಒಂಬತ್ತೂವರೆಗೇ ಪಟಕಾ ಸುತ್ತಿಕೊಂಡು ಪಡಸಾಲೆಯಲ್ಲಿ ನಿಂತ. ಹುಡುಗರ ಜೋಡಿ ಹಚ್ಚಲು ಅಲ್ಲಿನ ಹಿರಿಯರು ಅವನಿಗೆ ಹೇಳಿಕಳಿಸಿದ್ದರು. ತೂಕದ ಯಂತ್ರವಿಲ್ಲದೆ, ಭುಜ ತಟ್ಟಿ, ಕಣ್ಣಳತೆಯಿಂದಲೇ ಇವನಿಗೆ ಅವನು ಸರಿ ಎಂದು ನಿರ್ಣಯಿಸುವುದು ಸಣ್ಣ ಗೌರವವಲ್ಲ. “ಬರ್ತಿಯೇನ್ ತಮ್ಮಾ? ನೀ ಬಂದ್ರ ಕೈ ಹಿಡ್ಕೊಂಡು ಬಸ್ ಹತ್ತಾಕ ಆಗ್ತೈತಿ,” ಎಂದ. ಟಿವಿಯಲ್ಲಿ ಸೆಹ್ವಾಗ್ ಹೊಡೆಯುತ್ತಲೇ ಇದ್ದ. “ನಾಳಿ ನೋಡೋಣಪ್ಪಾ,” ಎಂದೆ, ಪರದೆಯಿಂದ ಕಣ್ಣು ಕೀಳದೆ. ಜಾತ್ರೆಯ ಕುಸ್ತಿಗೆ ನಾಳೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಪ್ಪ ಎರಡನೆಯ ಸಲ ಕರೆಯಲಿಲ್ಲ.

ಸೆಹ್ವಾಗ್ 195ರಲ್ಲಿ ಸಿಕ್ಸರ್ ಎತ್ತಲು ಹೋಗಿ ಕ್ಯಾಚಿತ್ತ. ಭಾರತದ ಮೊತ್ತ 366ಕ್ಕೇ ನಿಂತಿತು, ಪಾಂಟಿಂಗ್ 257 ಬಾರಿಸಿದ, ನಾವು 9 ವಿಕೆಟ್‌ಗಳಿಂದ ಸೋತೆವು.

ಅಪ್ಪ ರಾತ್ರಿ ಮರಳಿದಾಗ ಧೋತರದ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದಗೊಳಿಸಿದ ಆ ಮಣ್ಣಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಬೆಂಡು ಬತ್ತಾಸಿನ ಪೊಟ್ಟಣ ಬಿಚ್ಚುತ್ತ, ರೇವಡಿಗಾಗಿ ಹಿಡಿದ ಸಣ್ಣ ಹುಡುಗರಿಂದ ಮೊದಲುಗೊಂಡು ಹೇಳತೊಡಗಿದ. ಹಲಗಿಯ ಬಡಿತ ಏರಿದ್ದು, ಕೊನೆಯ ದೊಡ್ಡ ಜೋಡಿ ಕತ್ತಲಾಗುವವರೆಗೂ ಹಿಡಿದು ಬರೋಬರಿಯಾದದ್ದು, ಇಬ್ಬರೂ ಬಂದು ಅವನ ಕಾಲಿಗೆ ನಮಸ್ಕರಿಸಿದ್ದು. ನಾನು ‘ಹೂಂ’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಸೆಹ್ವಾಗನ ಆ ಒಂದು ಹೊಡೆತವೇ ಕುಣಿಯುತ್ತಿತ್ತು.

ಮರುವರ್ಷದ ಚಳಿಗಾಲಕ್ಕೆ ಅಪ್ಪನ ಬಲಗಾಲು ಎತ್ತಿಡಲು ಬಾರದಾಯಿತು. ಮತ್ತೆ ಅವನು ಯಾವ ಕಣಕ್ಕೂ ಇಳಿಯಲಿಲ್ಲ. ರಜೆಗೆ ಹೋದಾಗ ನನ್ನ ಪಕ್ಕದಲ್ಲಿ ಹಾಸಿಗೆಯ ಮೇಲೊರಗಿ ಟಿವಿ ನೋಡುತ್ತಿದ್ದ, ನನ್ನ ಸಂತೋಷಕ್ಕೆಂದು. “ಯಾರ್ ಚೀತಾದ್ರೋ?” ಎಂದು ಕೇಳುತ್ತಿದ್ದ, ಉತ್ತರಕ್ಕೆ ಕಾಯದೆ ನಿದ್ದೆಹೋಗುತ್ತಿದ್ದ.

ಕ್ರಿಕೆಟ್ಟನ್ನು ದೂಷಿಸಲಾರೆ, ಇಂದಿಗೂ ಬಿಟ್ಟಿಲ್ಲ. 2014ರಲ್ಲಿ ಹೈದರಾಬಾದಿನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ರಣಜಿ ಫೈನಲ್ ಆಡಿದಾಗ ನಿಮ್ಮದು ಯಾವ ತಂಡವೆಂದು ಸಹೋದ್ಯೋಗಿಗಳು ಪೀಡಿಸಿದ್ದರು. ಕರ್ನಾಟಕ 7 ವಿಕೆಟ್‌ಗಳಿಂದ ಗೆದ್ದ ಮರುದಿನ ಪೇಢೆ ಹಂಚಿದವನೂ ನಾನೇ, ಮರಾಠಿ ವಿಭಾಗದವರೊಡನೆ ಪೆಚ್ಚುಮೋರೆಯಿಂದ ಚಹಾ ಕುಡಿದವನೂ ನಾನೇ. ಆ ಪಂದ್ಯದ ಆಟ ಅಷ್ಟಾಗಿ ನೆನಪಿಲ್ಲ, ಆ ಚಹಾ ನೆನಪಿದೆ. ಬಾಗಿಲು ಹಾಕಿಕೊಂಡು ಒಬ್ಬನೇ ನೋಡಿದ ಎಷ್ಟೋ ಪಂದ್ಯಗಳ ಫಲಿತಾಂಶವನ್ನೇ ಮರೆತಿದ್ದೇನೆ.

ಬಾಗಿಲಲ್ಲಿ ನಿಂತಿದ್ದ ವಿದ್ಯಾರ್ಥಿಯನ್ನು, ಅವನ ರಜೆಯ ಯೋಜನೆ ಏನೆಂದು ತಿರುಗಿ ಕೇಳಿದೆ. ಅವನ ಊರ ಜಾತ್ರೆ ಅದೇ ಇಪ್ಪತ್ತಾರಕ್ಕೆ. ತಮ್ಮನು ಮೊದಲ ಸಲ ಕಣಕ್ಕಿಳಿಯುತ್ತಾನೆ, ಅಜ್ಜ ಬಾ ಎನ್ನುತ್ತಿದ್ದಾನೆ. ಆದರೆ ಪಂದ್ಯವಿದೆಯಲ್ಲ ಎಂದು ತಲೆ ಕೆರೆದುಕೊಂಡ. ನಿಮ್ಮೂರಿಗೆ ಬಸ್ಸು ಎಷ್ಟಕ್ಕೆ ಎಂದೆ. ಒಂಬತ್ತಕ್ಕಂತೆ. ನಾನೂ ಬರುತ್ತೇನೆ, ಸ್ಟ್ಯಾಂಡಿನಲ್ಲಿ ನನಗಾಗಿ ಜಾಗ ಹಿಡಿ, ದಾರಿಯುದ್ದಕ್ಕೂ ಮೊಬೈಲಿನಲ್ಲಿ ಯಾರು ಚೀತಾದರೆಂದು ಹೇಳುತ್ತ ಬಾ ಎಂದೆ. ಅವನಿಗೆ ಆ ಮಾತು ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಹೇಳುತ್ತೇನೆ.