ಹಂಪೆಯ ಎರಡು ಬಜಾರುಗಳು

ಗಂಗಾವತಿ ಸೀಮೆಯ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪೆ. ಅಲ್ಲಿನ ಪಾನ್‌ಸುಪಾರಿ ಬಜಾರಿನಲ್ಲಿ ಇಮ್ಮಡಿ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಅದು ಅಡಕೆ-ವೀಳ್ಯದೆಲೆಗಳ ಅಂಗಡಿಬೀದಿಯೆಂದು ಬಸದಿಯ ಶಾಸನವೇ ಹೇಳುತ್ತದೆ. ಅಂಗಡಿಗಳು ಅಳಿದು ಶತಮಾನಗಳಾದರೂ ವ್ಯಾಪಾರದ ಹೆಸರು ಉಳಿದಿದೆ.

ವಿರೂಪಾಕ್ಷ ಬಜಾರಿನ ಪಾಡು ಬೇರೆ. ಅದರ ಕಲ್ಲುಮಂಟಪಗಳಲ್ಲಿ ಈ ಕಾಲದಲ್ಲಿಯೂ ಅಂಗಡಿ, ಖಾನಾವಳಿ, ಸಂಸಾರಗಳು ನೆಲೆಸಿದ್ದವು. ಪರಂಪರೆಯ ರಕ್ಷಣೆಗೆಂದು 2011ರ ಜುಲೈನಲ್ಲಿ ಅವುಗಳನ್ನು ಯಂತ್ರಗಳಿಂದ ಕೆಡವಲಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡಿಯ ರೆಸಾರ್ಟುಗಳೂ ನೆಲಸಮವಾದವು. ಅವು ಹೊಸ ಕಟ್ಟಡಗಳು, ಅವುಗಳ ಮಾತು ಬೇರೆ. ಮಂಟಪದ ಕಂಬಗಳ ನಡುವೆ ಗೋಡೆಯೆಬ್ಬಿಸಿದ್ದು ಅಪಚಾರವೇ ಸರಿ. ಆದರೆ ಬಜಾರನ್ನು ಕಟ್ಟಿದವರು ಅದನ್ನು ಬರಿದಾಗಿರಲೆಂದು ಕಟ್ಟಿರಲಿಲ್ಲ. ತೆರವಾದವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳು ದೊರೆತವು, ಗುಡಿಯ ಬಾಗಿಲಿನಿಂದ ಕೆಲವು ಕಿಲೋಮೀಟರು ಆಚೆ.